ಕುಂಡ ಒಡೆದ ಟೀಚರ್

ವಿಶಾಲಾಕ್ಷಿ ಟೀಚರ್ ಜನ್ಮದಲ್ಲಿ ಯಾರನ್ನೂ ಕ್ಷಮಿಸಲಿಲ್ಲ. ಅದನ್ನು ಮುಚ್ಚಿಡಲೂ ಇಲ್ಲ. ಕಮಲಾಪುರದ ಸಂತೆಯಲ್ಲಿ ಒಬ್ಬ ಪುಡಿ ಹಾಕಿ ಹಣ್ಣು ಮಾಡಿದ ಬಾಳೆಹಣ್ಣು ಕೊಟ್ಟನೆಂದು, ಮುಂದಿನ ಸಂತೆಗೆ ಹೋಗಿ ಅವನ ಗಾಡಿಯ ಪಕ್ಕದಲ್ಲೇ ನಿಂತು, ಬಂದವರಿಗೆಲ್ಲ ಕಾಯಿ ಹಣ್ಣಾಗುವ ಪಾಠ ಮಾಡಿ ಬಂದಿದ್ದರು. "ಸಿಟ್ಟು ಬಾಯಾಗ ಇಟ್ಕೊಂಡ್ರ ಹುಣ್ಣಾಗತೈತಿ, ನೆಲದಾಗ ಇಟ್ರ ಬೇರು ಬಿಡತೈತಿ" ಎನ್ನುತ್ತಿದ್ದರು.

ಹೊಸಪೇಟೆಯಲ್ಲಿ ನಮ್ಮ ಅಂಗಳಕ್ಕೂ ಅವರ ಅಂಗಳಕ್ಕೂ ನಡುವೆ ಒಂದೇ ಗೋಡೆ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಅವ್ವ ತೀರಿಕೊಂಡ ಮೇಲೆ ನನಗೆ ಹೆರಳು ಹಾಕಿ, ಉಣ್ಣಿಸಿ ಬೆಳೆಸಿದವರು ಅವರೇ. ಅವರ ಪಡಸಾಲೆಯ ಕುಂಡದಲ್ಲಿ ಅಲಂಕಾರಕ್ಕಿಟ್ಟ ರಬ್ಬರ್ ಗಿಡವಿತ್ತು. ಅದಿರು ಲಾರಿಗಳ ಕೆಂಧೂಳು ಕೂತ ಅದರ ದಪ್ಪ ಎಲೆಗಳನ್ನು ಒರೆಸುವುದು ನನ್ನ ಕೆಲಸ. "ಹಿಂದಿನ ಕಡೆನೂ ಒರಸವ್ವ, ಎಲಿ ಉಸಿರಾಡೋದು ಅಲ್ಲಿಂದನ" ಎನ್ನುತ್ತಿದ್ದರು.

ನನ್ನ ಕುಬಸದ ದಿನ ಬಸುರಿಗೆ ಉಡಿ ತುಂಬಲು ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ರವಿಕೆ ಕಣ ಹಿಡಿದು ಎಲ್ಲರಿಗಿಂತ ಮೊದಲು ಬಂದರು. ನಾನು ಸೆರಗು ಒಡ್ಡಿದೆ. ಈಚೆಗೆ ನಮ್ಮ ಮನೆಗೆ ಬಂದು ನೆಲೆಸಿದ್ದ ಅಪ್ಪನ ಅಕ್ಕ ನಾಗಮ್ಮತ್ತೆ ನನ್ನ ಕೈ ಒತ್ತಿ ಹಿಡಿದು, ತುಂಬಿದ ಮನೆಯಲ್ಲಿ ಹೇಳಿದಳು: "ನೀವು ಕುಂದ್ರಿ ಟೀಚರ್. ಮಕ್ಳಿದ್ದೋರು ತುಂಬ್ಲಿ."

ಅಯ್ಯೋ, ಆ ಮುಖ! ಟೀಚರ್ ಕೂರಲಿಲ್ಲ. ತಟ್ಟೆ ಎತ್ತಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಗೋಡೆಯಾಚೆ ಹಾರೆಯ ಸದ್ದು. ಕುಂಡ ಒಡೆದು, ಗಿಡವನ್ನು ನಮ್ಮ ಗೋಡೆಗೆ ಒತ್ತಿ ನೆಲದಲ್ಲಿ ನೆಡುತ್ತಿದ್ದರು. ಅಪ್ಪ ನಕ್ಕ: "ಕುಂಡದ ಗಿಡ ಅದು, ನಮ್ಮೂರ ಬಿಸಲಿಗೆ ಎಲ್ಲಿ ತಡೀತೈತಿ!"

ಟೀಚರ್ ನನ್ನನ್ನು ಕರೆದು ಎಲೆಯೊಂದನ್ನು ಚಿವುಟಿದರು. ಬಿಳಿ ಹಾಲು ಒಸರಿತು. "ಆಲದ ಮರದ ದಾಯಾದಿ ಇದು. ಕುಂಡದಾಗ ಇರೋತನಕ ಅಷ್ಟ ಸಾಧು. ಇದರ ಕಾಯೊಳಗ ಹೊಕ್ಕು ಪರಾಗ ಮುಟ್ಟಿಸೋ ಹುಳ ನಮ್ಮ ಕಡೆ ಇಲ್ಲ, ಅದಕ್ಕ ಬೀಜ ಕಟ್ಟಂಗಿಲ್ಲ. ಬಂಜಿ ಗಿಡ ಅಂತ ನಿಮ್ಮತ್ತಿಗೆ ಹೇಳು. ಹಂಪ್ಯಾಗ ಇದರ ಬಳಗದ ಬೇರು ಕಲ್ಲು ಹೆಂಗ ಸೀಳ್ಯಾವ ಅನ್ನೋದನ್ನೂ ಹೇಳು."

ಹೆರಿಗೆಯಾಗಿ ಕಂಪ್ಲಿಯ ಗಂಡನ ಮನೆಗೆ ಹೋದ ಮೇಲೆ, ವರ್ಷ ವರ್ಷ ಹಬ್ಬಕ್ಕೆ ಬಂದಾಗಲೆಲ್ಲ ನಾನು ಮೊದಲು ನೋಡುತ್ತಿದ್ದುದು ಗೋಡೆಯನ್ನೇ. ಕೂದಲೆಳೆಯ ಬಿರುಕು ಬೆರಳಗಲವಾಯಿತು. ನಾಗಮ್ಮತ್ತೆಯ ತುಳಸಿಕಟ್ಟೆ ವಾಲಿತು. ನನಗೆ ಒಳಗೊಳಗೇ ಖುಷಿಯಾಯಿತು. ಅಪ್ಪ ಹೋಗಿ ಬೇಡಿಕೊಂಡ, "ಮರ ಕಡಸ್ರಿ ಟೀಚರ್."

"ಇವತ್ತ ಕಡಸ್ತೀನಿ. ನಿಮ್ಮಕ್ಕ ಬಂದು ಕೇಳ್ಲಿ."

ಅತ್ತೆ ಹೋಗಲಿಲ್ಲ. ಗೋಡೆ ಹೋದರೂ ಸರಿ, ಆ ಹೊಸ್ತಿಲು ಮೆಟ್ಟುವುದಿಲ್ಲ ಎಂದು ಕುಳಿತಳು.

ಕೊನೆಯ ಸಲ ನೋಡಿದಾಗ ಟೀಚರ್ ಹಾಸಿಗೆ ಹಿಡಿದಿದ್ದರು. "ನಿಮ್ಮತ್ತಿ ಬಂದಳೇನ?" ಎಂದರು. ಇಲ್ಲವೆಂದೆ. "ಗ್ವಾಡಿ?"

"ಬಿರುಕಿನಾಗ ಕೈ ಹಿಡಿಸ್ತೈತ್ರಿ."

"ಮತ್ತೇನ!" ಎಂದು ಮಸ್ತಾಗಿ ನಕ್ಕರು, ಕೆಮ್ಮು ಬರುವವರೆಗೆ.

ಅವರು ತೀರಿಕೊಂಡ ವರ್ಷವೇ ಮಳೆಗೆ ಗೋಡೆ ಬಿತ್ತು. ನಾನು ಕಂಪ್ಲಿಯಿಂದ ಓಡಿ ಬಂದೆ. ಅತ್ತೆ ಕೋಲೂರಿಕೊಂಡು ಅಂಗಳದಲ್ಲಿ ನಿಂತಿದ್ದಳು. ಅಪ್ಪ ಮತ್ತೆ ಹೋಗಿ ಕೇಳಿದ್ದಕ್ಕೆ ಟೀಚರ ಯಜಮಾನರು "ಆಕಿ ಮಾತೇ ನನ್ನ ಮಾತು" ಎಂದುಬಿಟ್ಟಿದ್ದರಂತೆ. "ನೀನಾದ್ರೂ ಹೋಗಿ ಕೇಳವ್ವ, ಆ ಹಾಳು ಮರ ಕಡಸ್ಲಿ" ಎಂದಳು.

ನಾನು ಒಳಗೆ ಹೋಗಿ ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಕಣ ತಂದೆ. ಗೋಡೆ ಬಿದ್ದ ಕಡೆಯಿಂದಲೇ ಆಚೆ ದಾಟಿದೆ. ಸೀಳಿದ ಬೇರಿನಿಂದ ಹಾಲು ಇಳಿದು ಗಟ್ಟಿಯಾಗಿತ್ತು. ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿದೆ.

"ಏನ್ ಮಾಡಾಕ್ಹತ್ತೀಯೇ?" ಅತ್ತೆ ಈಚೆಯಿಂದಲೇ ಕೂಗಿದಳು.

"ಟೀಚರಿಗೆ ಉಡಿ ತುಂಬಾಕ್ಹತ್ತೀನಿ. ನೀವು ಕುಂದ್ರಿ ಅತ್ತಿ."

ಬಿದ್ದ ಗೋಡೆಯ ಕಲ್ಲಿನ ಮೇಲೆ ಅತ್ತೆ ಕುಳಿತಳು.