ಒಲೆಮಾಮನ ಮೂಗು

ನಮ್ಮ ಯಜಮಾನರಿಗೆ ಹೆದರಿಕೆ ಎನ್ನುವುದೇ ಇರಲಿಲ್ಲ. ಅವರ ಪಾಲಿನದನ್ನೂ ಸೇರಿಸಿ ನಾನೇ ಹೆದರುತ್ತಿದ್ದೆ. ಗ್ಯಾಸ್ ಒಲೆ ರಿಪೇರಿಯವರನ್ನು ಕಟ್ಟಿಕೊಂಡವಳ ಪಾಡು ಅದು. ಬೆಳಿಗ್ಗೆ ಅವರು ಬ್ಯಾಗು ಹೆಗಲಿಗೇರಿಸಿ ಹೊರಟರೆ, ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು ಕೇಳುವವರೆಗೂ ನನ್ನ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಎಲ್ಲೋ ಲಾರಿಯ ಟೈರು ಒಡೆದರೂ ನನ್ನೆದೆ ಧಸಕ್ಕೆನ್ನುತ್ತಿತ್ತು. ಇವರೋ, ಬಂದವರೇ ಕೈ ತೊಳೆದು, ಇವತ್ತು ಯಾರ ಮನೆಯ ಬರ್ನರಿನಲ್ಲಿ ಯಾವ ಕಾಲದ ಹಾಲು ಸೀದು ಕೂತಿತ್ತು ಎಂದು ಹೇಳಿಕೊಂಡು ನಗುತ್ತಿದ್ದರು.

ಮೀಸೆ ಚಿಗುರುವ ವಯಸ್ಸಿನಲ್ಲಿ ದೊಡ್ಡದೊಂದು ಕ್ಯಾಂಟೀನಿಗೆ ಪಾತ್ರೆ ತೊಳೆಯಲು ಸೇರಿದವರು ಅವರು. ಅಲ್ಲಿನ ಒಲೆಗಳನ್ನು ಉಜ್ಜುತ್ತಾ ಉಜ್ಜುತ್ತಾ ಅವುಗಳ ಹೊಟ್ಟೆಯೊಳಗಿನ ವಿಷಯವೆಲ್ಲ ತಿಳಿದುಕೊಂಡರು. ಆಮೇಲೆ ಸ್ವಂತ ಕೆಲಸ. ಸುತ್ತಿನ ಬೀದಿಗಳ ಮಕ್ಕಳಿಗೆ ಒಲೆಮಾಮ, ಮಕ್ಕಳಿಂದ ಕೇಳಿ ಕೇಳಿ ಅಮ್ಮಂದಿರಿಗೂ ಒಲೆಮಾಮ. ಕೆಲಸದಲ್ಲಿ ಮಾತ್ರ ಮಾಮ ಅಲ್ಲ, ಹೆಡ್‌ಮಾಸ್ಟರು. ಮೊದಲು ರೆಗ್ಯುಲೇಟರ್ ಮುಚ್ಚಬೇಕು, ಒಲೆ ಪೂರ್ತಿ ಆರಬೇಕು, ಅಲ್ಲಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಬರ್ನರುಗಳನ್ನು ಬಿಸಿ ಸೋಪು ನೀರಿನಲ್ಲಿ ನೆನೆಹಾಕಿ, ಒಂದೊಂದು ತೂತನ್ನೂ ಪಿನ್ನಿನಿಂದ ಬಿಡಿಸುತ್ತಿದ್ದರು. ಹಲ್ಲುಕಡ್ಡಿ ತೂರಿಸಿ ಒಳಗೇ ಮುರಿದಿಟ್ಟವರಿಗೆ ಸರಿಯಾಗಿ ಮಂಗಳಾರತಿಯಾಗುತ್ತಿತ್ತು. ತೊಳೆದ ಬರ್ನರನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಒಂದು ತೊಟ್ಟು ನೀರೂ ಇಲ್ಲವೆಂದು ಖಾತ್ರಿಯಾದ ಮೇಲೇ ಕೂರಿಸುವುದು. ಉರಿ ನೀಲಿಯಾಗಿ ಬರಬೇಕು. ಹಳದಿ ಬಂದರೆ ಎಲ್ಲ ಮತ್ತೆ ಮೊದಲಿನಿಂದ. ರಬ್ಬರ್ ಪೈಪು ಕೊಳೆಯಾಗುತ್ತದೆಂದು ಅದಕ್ಕೆ ಬಟ್ಟೆಯ ಕವರು ಹೊಲಿದು ತೊಡಿಸುವ ಹೆಂಗಸರನ್ನು ಕಂಡರಂತೂ ಇವರಿಗೆ ಮೈಯೆಲ್ಲ ಉರಿ. ಪೈಪಿಗೆ ಲಂಗ ಯಾಕಮ್ಮ, ಬಿರುಕು ಬಿಟ್ಟರೆ ಕಾಣೋದು ಹೇಗೆ ಎಂದು ಅವರ ಮುಂದೆಯೇ ಕಿತ್ತು ಕೈಗೆ ಕೊಡುತ್ತಿದ್ದರು.

ಎಲ್ಲ ಮುಗಿದ ಮೇಲೆ ಕೊನೆಗೊಂದು ಕೆಲಸ. ಬಗ್ಗಿ, ರೆಗ್ಯುಲೇಟರಿನಿಂದ ಹಿಡಿದು ಪೈಪು ಸೇರುವ ಒಲೆಯ ಮೂತಿಯವರೆಗೆ ಒಂದೊಂದು ಜೋಡಣೆಯನ್ನೂ ಮೂಸಿ ನೋಡಿ, ಎದ್ದುನಿಂತು “ಪಾಸ್” ಅನ್ನುತ್ತಿದ್ದರು. ಜನರಿಗೆ ಅದನ್ನು ನೋಡುವುದೇ ಒಂದು ಸಮಾಧಾನ. ಸೋಪು ನೀರು ಹಚ್ಚಿ, ಗ್ಯಾಸ್ ಸೋರಿ ಗುಳ್ಳೆ ಏಳುತ್ತದೆಯೇ ಎಂದು ನೋಡುವುದು ನಿನ್ನೆ ಮೊನ್ನೆ ಕಲಿತವರ ಪದ್ಧತಿ ಎಂದು ಇವರಿಗೆ ಅಸಡ್ಡೆ. ಮೂಗು ಅಷ್ಟು ಚುರುಕು, ಜಂಬವೂ ಅಷ್ಟೇ ಇತ್ತು.

ಆ ಮೂಗು ಒಂದು ಜ್ವರದಲ್ಲಿ ಹೊರಟುಹೋಯಿತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ವಾಸನೆ ಮಾತ್ರ ವಾಪಸು ಬರಲಿಲ್ಲ. ಇವರು ನನಗೂ ಹೇಳದೆ ಬಾಯಿಗೆ ಬೀಗ ಹಾಕಿಕೊಂಡು ಎಂದಿನಂತೆ ಕೆಲಸಕ್ಕೆ ಹೋಗುತ್ತಿದ್ದರು. ಒಂದು ದಿನ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ, ಒಲೆಯ ಮೇಲೆ ಹಾಲು ಸೀದು ಕರಕಲಾಗಿ ಮನೆಯೆಲ್ಲ ಗಬ್ಬು. ಓಡಿ ಬಂದು ನೋಡಿದರೆ ಈ ಮಹಾರಾಯರು ಅಡಿಗೆಮನೆಯ ಬಾಗಿಲಲ್ಲೇ ಕೂತು ಪೇಪರ್ ಓದುತ್ತಿದ್ದಾರೆ. ನನ್ನ ಬಾಯಿಗೆ ಬಂದ ಬೈಗುಳ ಅವರ ಮುಖ ನೋಡಿ ಅಲ್ಲೇ ನಿಂತಿತು. ಎಲ್ಲ ಅರ್ಥವಾಯಿತು.

ಡಾಕ್ಟರು, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಹಾಗಾದರೆ ಸೋಪು ನೀರು ಹಚ್ಚಿ ನೋಡಿ ಎಂದು ನಾನು ಗಂಟುಬಿದ್ದೆ. ಇಷ್ಟು ವರ್ಷ ಮೂಸಿದವನು ಈಗ ಸೋಪು ಹಚ್ಚಿದರೆ ಯಾಕೆ ಎಂದು ಕೇಳುತ್ತಾರೆ, ಗೊತ್ತಾದರೆ ಯಾರೂ ಹೊಸ್ತಿಲು ದಾಟಿಸುವುದಿಲ್ಲ, ಈ ಕೆಲಸ ಬಿಟ್ಟರೆ ನನಗೆ ಬೇರೇನು ಬರುತ್ತದೆ ಎಂದು ಅವರ ವಾದ. ಕೊನೆಗೆ ನಾನೇ ಜೊತೆಗೆ ಹೊರಟೆ. ಸೊಂಟ ನೋವು, ಬ್ಯಾಗು ಹೊರಲು ಹೆಂಡತಿ ಬರುತ್ತಾಳೆ ಎಂದು ಮನೆಮನೆಯಲ್ಲಿ ನೆಪ. ಇವರು ಬಗ್ಗಿ ಮೂಸಿದ ಹಾಗೆ ಮಾಡುವರು, ನಾನು ಬ್ಯಾಗು ಎತ್ತುವ ನೆಪದಲ್ಲಿ ಪಕ್ಕದಲ್ಲಿ ಬಗ್ಗಿ ನಿಜವಾಗಿ ಮೂಸುವೆ. ಸರಿಯಿದ್ದರೆ ಒಂದು ಸಲ ಕೆಮ್ಮುವುದು. ಆ ಮನೆಯ ಜನ ತಿರುಗಿ ಆಚೆ ಹೋದರೆ, ಬ್ಯಾಗಿನಲ್ಲಿ ತಂದ ಬಾಟಲಿಯ ಸೋಪು ನೀರನ್ನೂ ಇವರಿಂದ ಹಚ್ಚಿಸುತ್ತಿದ್ದೆ. ಏನು ಮಾಮ, ಮುದಿಪ್ರಾಯದಲ್ಲಿ ಹೆಂಡತಿಯ ಸೆರಗು ಬಿಡ್ತಾ ಇಲ್ಲ ಎಂದು ಜನ ಚುಡಾಯಿಸುತ್ತಿದ್ದರು. ಇವರು ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಇದು ಎಲ್ಲಿಯವರೆಗೆ ನಡೆದೀತು?

ಆ ದಿನ ನನಗೆ ನೆಗಡಿ. ಮೂಗು ಕಲ್ಲಾಗಿತ್ತು. ಇವತ್ತು ಎಲ್ಲಿಗೂ ಬೇಡ ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. ಒಂದೇ ಮನೆ, ಮಾತು ಕೊಟ್ಟಾಗಿದೆ, ಅವರ ಮನೆಗೆ ಸಂಜೆ ನೆಂಟರು ಬರುತ್ತಾರೆ ಎಂದು ಇವರು ಹೊರಟೇಬಿಟ್ಟರು. ಒಬ್ಬರನ್ನೇ ಕಳಿಸುವ ಧೈರ್ಯವಿಲ್ಲದೆ ನಾನೂ ಮೂಗು ಒರೆಸಿಕೊಳ್ಳುತ್ತಾ ಹಿಂದೆ ಹೋದೆ.

ಆ ಮನೆಯ ಹುಡುಗಿ ಹೊಸದಾಗಿ ಸಂಸಾರ ಹೂಡಿದವಳು. ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ ಕೂಸು ಮಲಗಿತ್ತು. ಧೂಳು ಬರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದಳು. ಕೆಲಸ ಕಲಿಯುವ ಆಸೆ ಅವಳಿಗೆ. ಶುರುವಿನಿಂದ ಕೊನೆಯವರೆಗೆ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ ನಿಂತಳು. ಅವಳ ಎದುರಿಗೆ ಸೋಪಿನ ಬಾಟಲಿ ತೆಗೆಯಲು ಇವರು ಒಪ್ಪಲಿಲ್ಲ. ನಾನು ಕಣ್ಸನ್ನೆ ಮಾಡಿದರೆ ಕಾಣದ ಹಾಗೆ ಮುಖ ತಿರುಗಿಸಿದರು. ಅವಳ ಪೈಪಿಗೂ ಹೂವಿನ ಬಟ್ಟೆಯ ಕವರು ಇತ್ತು. ಕಷ್ಟಪಟ್ಟು ಹೊಲಿದಿದ್ದೀನಿ, ನೆಂಟರು ಹೋಗೋವರೆಗಾದರೂ ಇರಲಿ ಮಾಮ ಎಂದು ಗೋಗರೆದಳು. ಬೇರೆ ದಿನವಾಗಿದ್ದರೆ ಕಿತ್ತೆಸೆಯುತ್ತಿದ್ದ ಮನುಷ್ಯ, ಬೇಗ ಮುಗಿಸಿ ಹೊರಟರೆ ಸಾಕು ಎಂದೋ ಏನೋ, ತಾವೇ ಅದನ್ನು ತೊಡಿಸಿ ಒಲೆಯ ಮೂತಿಯವರೆಗೆ ಎಳೆದು ಬಿಟ್ಟರು. ಉರಿ ಹಚ್ಚಿ ತೋರಿಸಿದರು, ಆರಿಸಿದರು, ಒಲೆಯನ್ನು ಗೋಡೆಗೆ ತಳ್ಳಿದರು. ಬಗ್ಗಿ ಮೂಸಿ “ಪಾಸ್” ಅಂದರು. ನಾನು ಕೆಮ್ಮಲಿಲ್ಲ. ಕೆಮ್ಮಲು ನನಗೇನು ಗೊತ್ತಿತ್ತು?

ಎರಡು ಬೀದಿ ದಾಟಿ ಟೀ ಅಂಗಡಿಯ ಬೆಂಚಿನ ಮೇಲೆ ಕೂತೆವು. ಕನ್ನಡಕ ಒರೆಸಲು ಕರವಸ್ತ್ರಕ್ಕೆಂದು ಇವರು ಅಂಗಿಯ ಜೇಬಿಗೆ ಕೈ ಹಾಕಿದರು. ಕೈಗೆ ಕ್ಲಿಪ್ಪು ಬಂತು. ಪೈಪು ಒಲೆಯ ಮೂತಿಗೆ ಸೇರುವ ಕಡೆ ಬಿಗಿದು ಹಿಡಿಯುತ್ತದಲ್ಲ, ಬಳೆಯಂಥದ್ದು, ಅದು. ಒಲೆ ತೊಳೆಯಲು ಬಿಚ್ಚಿದ ಕ್ಲಿಪ್ಪನ್ನು ಕಳೆದುಹೋಗದಿರಲೆಂದು ಇವರು ಜೇಬಿಗೆ ಹಾಕಿಕೊಳ್ಳುವುದು ವಾಡಿಕೆ. ಆ ದಿನ ಅದನ್ನು ಮತ್ತೆ ಹಾಕಿರಲಿಲ್ಲ. ಕವರು ಎಳೆದಿದ್ದರಿಂದ ಇಲ್ಲದಿರುವುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾವಿಬ್ಬರೂ ಆ ಕ್ಲಿಪ್ಪನ್ನು ನೋಡಿದೆವು.

ಟೀ ಹಾಗೇ ಬಿಟ್ಟು ಓಡಿದೆವು. ಇವರು ಓಡುವುದನ್ನು ನಾನು ಮದುವೆಯಾದ ಮೇಲೆ ನೋಡಿರಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಆ ಮುಚ್ಚಿದ ಕಿಟಕಿಗಳು, ಮಲಗಿದ್ದ ಕೂಸು. ನೆಂಟರು ಬರುವ ಮನೆ, ಅವಳು ಒಲೆ ಹಚ್ಚದೆ ಎಷ್ಟು ಹೊತ್ತು ಇದ್ದಾಳು? ಬಾಗಿಲ ಹತ್ತಿರ ಬಂದು ನಾನು ಕಾಲಿಂಗ್ ಬೆಲ್‌ಗೆ ಕೈ ಹಾಕಿದ್ದೇ ಇವರು ನನ್ನ ಮಣಿಕಟ್ಟು ಹಿಡಿದು ಎಳೆದರು. ಬೆಲ್ಲಿನ ಒಂದು ಕಿಡಿ ಸಾಕು ಅಂತ ನನಗೆ ಹೊಳೆದಿರಲಿಲ್ಲ. ಅಂಗೈಯಿಂದ ಬಾಗಿಲು ಬಡಿಯುತ್ತಾ ಕೂಗಿದರು.

“ಅಮ್ಮಾ, ಒಲೆ ಹಚ್ಚಬೇಡಿ. ಯಾವ ಸ್ವಿಚ್ಚೂ ಮುಟ್ಟಬೇಡಿ. ಬಾಗಿಲು ತೆಗೀರಿ.”

ಬಾಗಿಲು ತೆರೆಯಿತು. ಅವಳ ಕೈಯಲ್ಲಿ ಲೈಟರ್ ಇತ್ತು.

ಇವರು ಅದನ್ನು ಕಿತ್ತುಕೊಂಡು ಬೀದಿಗೆ ಎಸೆದು ಒಳಗೆ ನುಗ್ಗಿದರು. ನಾನು ಕೋಣೆಗೆ ಹೋಗಿ ಕೂಸನ್ನು ಬಾಚಿಕೊಂಡು ಹೊರಗೆ ಓಡಿದೆ. ಫ್ಯಾನ್ ಹಾಕಲಾ ಎಂದು ಆ ಹುಡುಗಿ ಕೇಳಿದ್ದು, ಬೇಡ ಬೇಡ ಎಂದು ಇವರು ಗದರಿದ್ದು ಬೀದಿಗೆ ಕೇಳಿಸಿತು. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು, ಅವಳನ್ನೂ ಕರೆದುಕೊಂಡು ಹೊರಗೆ ಬಂದರು. ಒಳಗಿನ ಗ್ಯಾಸ್ ಪೂರ್ತಿ ಹೊರಗೆ ಹೋಗುವವರೆಗೆ ಮೂವರೂ ಬೀದಿಯಲ್ಲೇ ನಿಂತೆವು. ಕೂಸು ನನ್ನ ತೋಳಿನಲ್ಲಿ ನಿದ್ದೆ ಹೋಗಿತ್ತು.

ಆಮೇಲೆ ಇವರು ಒಳಗೆ ಹೋಗಿ ಹೂವಿನ ಕವರನ್ನು ಕತ್ತರಿಸಿ ತೆಗೆದರು. ಪೈಪು ಒಲೆಯ ಮೂತಿಯಿಂದ ಅರ್ಧ ಜಾರಿತ್ತು. ಸರಿಯಾಗಿ ತೂರಿಸಿ, ಕ್ಲಿಪ್ಪು ಬಿಗಿದು, ರೆಗ್ಯುಲೇಟರ್ ತೆರೆದು, ಅವಳ ಎದುರಿಗೇ ಸೋಪು ನೀರು ಹಚ್ಚಿದರು. ಗುಳ್ಳೆ ಏಳಲಿಲ್ಲ. ನಾನು ಅವಳನ್ನು ಕೇಳಿದೆ, ನಿನಗೆ ವಾಸನೆ ಬರಲಿಲ್ಲವೇ ಎಂದು.

“ಬರ್ತಾನೇ ಇತ್ತು ಆಂಟಿ. ಮಾಮ ಈಗ ತಾನೇ ನೋಡಿ ಹೋಗಿದ್ದಾರಲ್ಲ, ಅವರು ಪಾಸ್ ಅಂದ ಮೇಲೆ ಏನಿರುತ್ತೆ, ಒಲೆ ತೊಳೆದಿದ್ದರ ವಾಸನೆ ಇರಬೇಕು ಅಂತ ಸುಮ್ಮನಾದೆ.”

ಇವರು ಸೋಪಿನ ಬಾಟಲಿಯನ್ನು ಕೆಳಗಿಟ್ಟರು. “ಅಮ್ಮಾ, ನನಗೆ ವಾಸನೆ ಬರಲ್ಲ,” ಅಂದರು. “ಜ್ವರ ಬಂದಾಗಿನಿಂದ ಇಲ್ಲ. ನಿಮ್ಮ ಮುಂದೆ ಸುಮ್ಮನೆ ಮೂಸಿದ ಹಾಗೆ ಮಾಡಿದೆ.”

ಆ ಹುಡುಗಿ ಬೈಯಲಿಲ್ಲ. ನನ್ನ ಹತ್ತಿರ ಬಂದು ಕೂಸನ್ನು ಇಸಿದುಕೊಂಡಳು. ಮಗುವನ್ನು ಕದಿಯಲು ಬಂದವರ ಕೈಯಿಂದ ಬಿಡಿಸಿಕೊಂಡ ಹಾಗಿತ್ತು ಅವಳು ತೆಗೆದುಕೊಂಡ ರೀತಿ. ಇನ್ನು ಈ ಕಡೆ ಬರಬೇಡಿ ಎಂದಷ್ಟೇ ಹೇಳಿ ಪಕ್ಕದ ಕೋಣೆಗೆ ಹೋದಳು.

ಮನೆಗೆ ಹೋಗೋಣ ಎಂದೆ. ಇವರು ತಿರುಗಿದ್ದು ಬೇರೆ ಬೀದಿಗೆ. ಜ್ವರ ಬಿಟ್ಟ ಮೇಲೆ ಮುಟ್ಟಿದ ಒಲೆಗಳ ಮನೆಗಳಿಗೆಲ್ಲ ಹೋಗಿ ಹೇಳಬೇಕು, ಎಲ್ಲರೂ ಅವಳ ಹಾಗೇ ನನ್ನನ್ನು ನಂಬಿ ತಮ್ಮ ಮೂಗನ್ನು ಬಿಟ್ಟು ಕೂತಿದ್ದರೆ ಏನು ಗತಿ ಎಂದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಇನ್ನೊಂದು ಬಾಗಿಲು ತಟ್ಟಿದರೆ ಇವರ ಕೆಲಸ ಅಲ್ಲಿಗೆ ಮುಗಿಯಿತು, ತಟ್ಟದಿದ್ದರೆ ಯಾರ ಮನೆ ಹೊತ್ತೀತೋ. ಆ ಹುಡುಗಿಯ ಕೈಯಲ್ಲಿದ್ದ ಲೈಟರ್ ನೆನಪಾಗಿ ಸುಮ್ಮನೆ ಹಿಂದೆ ನಡೆದೆ. ಒಂದು ಮನೆಯಲ್ಲಿ ಗಂಡಸರು ಹೊಡೆಯುವ ಹಾಗೆ ಮೈಮೇಲೆ ಬಂದರು. ಇನ್ನೊಂದು ಮನೆಯಲ್ಲಿ ಮುಖದ ಮೇಲೆ ಬಾಗಿಲು ಬಿತ್ತು. ಒಬ್ಬಾಕೆ ತಮಾಷೆಯೆಂದುಕೊಂಡು ನಕ್ಕು, ನಿಜವೆಂದು ತಿಳಿದ ಮೇಲೆ ಒಲೆ ಇಟ್ಟ ಕಟ್ಟೆಯಿಂದ ಹಿಂದೆ ಸರಿದು ಗೋಡೆಗೆ ಆತು ನಿಂತಳು. ಒಳಗೆ ಬಿಟ್ಟವರ ಮನೆಯಲ್ಲಿ ಸೋಪು ನೀರು ಹಚ್ಚಿ ನೋಡಿದೆವು, ಎಲ್ಲ ಸರಿಯಿತ್ತು. ಬೇರೆಯವರನ್ನು ಕರೆಸಿ ಇನ್ನೊಮ್ಮೆ ತೋರಿಸಿ, ಇನ್ನು ಮೇಲೂ ಅವರನ್ನೇ ಕರೆಸಿ ಎಂದು ಇವರು ಮುಂದಿನ ಬೀದಿಯ ರಿಪೇರಿಯವನ ಅಂಗಡಿಯ ಗುರುತು ಹೇಳುತ್ತಿದ್ದರು. ಅವನನ್ನು ಇಷ್ಟು ದಿನ ಸೋಪಿನ ಪಂಡಿತ ಎಂದು ಆಡಿಕೊಂಡಿದ್ದವರು ಇವರೇ.

ಕೊನೆಗೆ ಟೈಲರ್ ಅಂಗಡಿಯ ಮೇಲಿನ ಟೀಚರಮ್ಮನ ಮನೆ. ಕೆಲಸದಿಂದ ನಿವೃತ್ತರಾಗಿ ಒಬ್ಬರೇ ಇದ್ದವರು. ಜ್ವರ ಬಿಟ್ಟ ವಾರ, ನನಗಿನ್ನೂ ಸಂಗತಿ ಗೊತ್ತಿಲ್ಲದಾಗ, ಇವರು ಒಬ್ಬರೇ ಹೋಗಿ ಅವರ ಒಲೆ ತೊಳೆದು ಬಂದಿದ್ದರು. ಇವರು ಬಾಗಿಲಲ್ಲೇ ನಿಂತು ಎಲ್ಲ ಹೇಳಿದರು. ಟೀಚರಮ್ಮ ಕೇಳಿಸಿಕೊಂಡು, ಅಷ್ಟಕ್ಕೆಲ್ಲ ಯಾಕೆ ಮುಖ ಸಣ್ಣ ಮಾಡ್ಕೊಂಡಿದ್ದೀಯಪ್ಪಾ, ಒಳಗೆ ಬಾ, ನಿನ್ನ ಮೇಲೆ ನನಗೆ ನಂಬಿಕೆ ಇದೆ ಎಂದರು. ಆ ದಿನ ಇವರಿಗೆ ಸಿಕ್ಕ ಮೊದಲ ಒಳ್ಳೆಯ ಮಾತು ಅದು. ಇವರ ಕಣ್ಣು ತುಂಬಿತು.

ಅವರ ಅಡಿಗೆಮನೆಯ ಕಿಟಕಿಯ ಒಂದು ಬಾಗಿಲು ಮುರಿದು ಮುಚ್ಚಲು ಬರುತ್ತಿರಲಿಲ್ಲ. ಚಳಿಗಾಳಿ ಬರುತ್ತೆ, ನಾಳೆ ಬಡಗಿ ಬಂದು ಭದ್ರ ಮಾಡ್ತಾನೆ ಎಂದರು ಟೀಚರಮ್ಮ. ಇವರು ಒಲೆಯ ಕೆಳಗೆ ಮಂಡಿಯೂರಿ ಜೋಡಣೆಗಳಿಗೆಲ್ಲ ಸೋಪು ನೀರು ಹಚ್ಚುತ್ತಾ ಬಂದರು. ರೆಗ್ಯುಲೇಟರ್ ಪೈಪಿಗೆ ಸೇರುವ ಕಡೆ ಒಂದು ಗುಳ್ಳೆ ಮೆಲ್ಲಗೆ ಉಬ್ಬಿತು. ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು ಎದ್ದಿತು.

ಇಷ್ಟು ದಿನ ಟೀಚರಮ್ಮನನ್ನು ಉಳಿಸಿದ್ದು ಆ ಮುರಿದ ಕಿಟಕಿ.

“ಟೀಚರಮ್ಮಾ,” ಎಂದರು ಇವರು, ತಲೆಯೆತ್ತದೆ. “ನಿಮಗೆ ವಾಸನೆ ಬರ್ತಿರಲಿಲ್ವಾ?”

“ನನಗೆಲ್ಲಿ ಬರುತ್ತಪ್ಪಾ ವಾಸನೆ. ಎಷ್ಟೋ ವರ್ಷ ಆಯ್ತು ಹೋಗಿ. ನೀನು ಬಂದು ಮೂಸಿ ನೋಡ್ತಿದ್ದೆಯಲ್ಲ, ಅದೇ ಧೈರ್ಯ ನನಗೆ.”

ನಮ್ಮ ಯಜಮಾನರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಆ ಅಡಿಗೆಮನೆಯಲ್ಲಿ ನಾವು ಮೂರು ಜನ ಇದ್ದೆವು, ವಾಸನೆ ಹಿಡಿಯುವ ಮೂಗು ಒಂದೂ ಇರಲಿಲ್ಲ. ಅವರ ಕೈ ಏಳಲಿಲ್ಲ. ನಾನೇ ಬಗ್ಗಿ ರೆಗ್ಯುಲೇಟರ್ ಮುಚ್ಚಿದೆ.