ಒಂದಂಕದ ಸೋಲು, ನೆಲವೆಲ್ಲ ಬೆವರು

ಬೆಳಗಿನ ಐದು ಗಂಟೆ. ಕಾಲೇಜಿನ ನೆಲಮಾಳಿಗೆಯಲ್ಲಿರುವ ಬ್ಯಾಸ್ಕೆಟ್‌ಬಾಲ್ ಅಂಗಣದ ಟ್ಯೂಬ್‌ಲೈಟುಗಳು, ಹಾಸಿಗೆ ಬಿಡಲು ಒಲ್ಲದ ಮಕ್ಕಳ ಹಾಗೆ, ನಾಲ್ಕಾರು ಸಲ ಕಣ್ಣು ಮಿಟುಕಿಸಿ ಎಚ್ಚರಗೊಳ್ಳುತ್ತವೆ. ಅವುಗಳ ಕೆಳಗೆ ಐವತ್ತಮೂರು ವರ್ಷದ ಹೆಂಗಸೊಬ್ಬರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆಯುತ್ತಿದ್ದಾರೆ. ಇದು ವೈದ್ಯರು ಹೇಳಿದ ವಾಕಿಂಗ್ ಅಲ್ಲ. ಮೂರು ಹೆಜ್ಜೆ ಇಡುತ್ತಾರೆ, ನಿಲ್ಲುತ್ತಾರೆ, ಬಲಗಾಲಿನ ಹಿಮ್ಮಡಿಯನ್ನು ಮರದ ಹಲಗೆಗೆ ಒತ್ತಿ ತಿರುಗಿಸುತ್ತಾರೆ, ಕಿವಿಗೊಡುತ್ತಾರೆ. ‘ಕೀಚ್’ ಎಂದರೆ ಮುಂದಕ್ಕೆ. ‘ಸುಯ್’ ಎಂದರೆ ಅಲ್ಲೇ ಕೂತು ಒಣಬಟ್ಟೆಯಲ್ಲಿ ಉಜ್ಜುತ್ತಾರೆ.

‘ನೆಲ ಕೀಚ್ ಅನ್ಬೇಕು. ಸುಯ್ ಅಂದ್ರೆ ಯಾವ್ದೋ ಹುಡುಗಿ ಕಾಲು ಹೋಯ್ತು ಅಂತಲೇ ತಿಳ್ಕೊಳ್ಳಿ’ ಎನ್ನುತ್ತಾರೆ. ಕೂರುವಾಗ ಒಮ್ಮೆ, ಏಳುವಾಗ ಒಮ್ಮೆ ಅವರ ಮಂಡಿಯೂ ಕೀಚ್ ಎನ್ನುತ್ತದೆ. ಅದಕ್ಕೆ ಮಾತ್ರ ಯಾವ ಬಟ್ಟೆಯೂ ಇಲ್ಲ.

ಹುಡುಗಿಯರ ಬಾಯಲ್ಲಿ ಇವರು ಮಾಪಕ್ಕ. ಮಾಪು ಹಿಡಿಯುವ ಅಕ್ಕ. ಯಾವುದೋ ಬ್ಯಾಚಿನ ತರಲೆಯೊಬ್ಬಳು ಇಟ್ಟ ಹೆಸರು. ಹೆಸರಿಟ್ಟವಳು ಪದವಿ ಪಡೆದು ಹೋದಳು, ಹೆಸರು ಇಲ್ಲೇ ಉಳಿಯಿತು. ವಿಜ್ಞಾನದ ಪುಸ್ತಕದಲ್ಲಿರುವ ಮಾಪಕಕ್ಕೆ ಒಂದು ಒತ್ತು ಜಾಸ್ತಿ ಕೊಟ್ಟರೆ ಇವರೇ. ಇಪ್ಪತ್ತೊಂದು ವರ್ಷದಿಂದ ಈ ಅಂಗಣದ ಬಾಗಿಲು ತೆಗೆಯುವವರು, ನೆಲ ಒರೆಸುವವರು, ಪಂದ್ಯದ ನಡುವೆ ಯಾರಾದರೂ ಬಿದ್ದರೆ ಬಟ್ಟೆ ಹಿಡಿದು ಓಡುವವರು ಇವರೊಬ್ಬರೇ.

ಈ ಸೋಮವಾರ ಮಾತ್ರ ಮಾಪಕ್ಕನ ಕಣ್ಣು ನೆಲದ ಮೇಲೆ ನಿಲ್ಲುತ್ತಿಲ್ಲ, ಬಾಗಿಲ ಕಡೆಗೇ ಓಡುತ್ತಿದೆ. ಬಾಗಿಲಿಗೆ ಒಂದು ನೋಟೀಸು ಅಂಟಿಸಿದ್ದಾರೆ. ಬೆಳಗಿನ ಐದೂ ಮುಕ್ಕಾಲರೊಳಗೆ ಕನಿಷ್ಠ ಹತ್ತು ಆಟಗಾರ್ತಿಯರು ಅಭ್ಯಾಸಕ್ಕೆ ಹಾಜರಾಗದಿದ್ದರೆ, ಬೆಳಗಿನ ಅವಧಿಯನ್ನು ಶಟಲ್ ಆಡುವ ಸಿಬ್ಬಂದಿಗೆ ಬಿಟ್ಟುಕೊಡಲಾಗುವುದು. ಒಂದೇ ಒಂದು ದಿನ ತಪ್ಪಿದರೂ ಸಾಕು. ಸಂಜೆಯ ಹೊತ್ತು ವಾಲಿಬಾಲಿನವರದು. ಹಾಗಾಗಿ ಬೆಳಗು ಹೋದರೆ ಈ ತಂಡಕ್ಕೆ ಅಂಗಣವೇ ಇಲ್ಲ. ಹಾಜರಿಗೆ ಟಿಕ್ ಹಾಕುವ ಪುಸ್ತಕ ಇರುವುದು ಬಾಗಿಲು ತೆಗೆಯುವ ಮಾಪಕ್ಕನ ಕೈಯಲ್ಲಿ.

ತಂಡದಲ್ಲಿ ಹನ್ನೆರಡು ಮಂದಿ. ಅವರಲ್ಲಿ ಒಂಬತ್ತು ಜನ ಮೊದಲ ವರ್ಷದವರು. ಶನಿವಾರ ಮಧ್ಯಾಹ್ನ ಇದೇ ಅಂಗಣದಲ್ಲಿ ಸೆಮಿಫೈನಲ್ ಸೋತು, ಬಟ್ಟೆ ಬದಲಿಸುವ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದವರು. ‘ಸೋಮವಾರ ಯಾರೂ ಬರಲ್ಲ ಅಕ್ಕ. ನೀವು ನಿದ್ದೆ ಮಾಡಿ’ ಎಂದು ಅವರ ನಾಯಕಿಯೇ ಹೇಳಿಹೋಗಿದ್ದಾಳೆ.

ನಿದ್ದೆಯ ಮಾತು ಸುಮ್ಮನೆ ಬಂದದ್ದಲ್ಲ. ಶಟಲ್‌ನವರು ಏಳಕ್ಕೆ ಬರುತ್ತಾರೆ, ಬಿದ್ದು ಹೊರಳಾಡುವುದಿಲ್ಲ, ನೆಲಕ್ಕೆ ಬೆವರು ಹರಿಸುವುದಿಲ್ಲ. ತಂಡ ಬಿಟ್ಟುಹೋದರೆ ಮಾಪಕ್ಕನಿಗೆ ದಿನಕ್ಕೆ ಎರಡು ಗಂಟೆ ನಿದ್ದೆ ಲಾಭ. ಇಪ್ಪತ್ತೊಂದು ವರ್ಷದಿಂದ ಕಾಯುತ್ತಿರುವ ನಿದ್ದೆ. ‘ಬರದಿದ್ರೆ ನಂಗೇ ಒಳ್ಳೇದು’ ಎನ್ನುತ್ತಲೇ ಮತ್ತೆ ಬಾಗಿಲ ಕಡೆ ನೋಡುತ್ತಾರೆ.

ಮನೆಯಲ್ಲಿ ಇಬ್ಬರೂ ಮೂರೂವರೆಗೆ ಏಳುತ್ತಾರೆ. ಯಜಮಾನರು ಬೇಕರಿಯಲ್ಲಿ ಬ್ರೆಡ್ಡಿನ ಹಿಟ್ಟು ನಾದುವ ಕೆಲಸದವರು. ‘ಅವರು ಹಿಟ್ಟು ನಾದ್ತಾರೆ, ನಾನು ನೆಲ ನಾದ್ತೀನಿ. ಅವರದ್ದು ಉಬ್ಬುತ್ತೆ, ನಂದು ಮಂಡಿ ಉಬ್ಬುತ್ತೆ.’ ದಾರಿ ಕವಲೊಡೆಯುವ ತಿರುವಿನವರೆಗೂ ಗಂಡ ಹೆಂಡತಿ ಒಟ್ಟಿಗೆ ನಡೆಯುತ್ತಾರೆ, ಮಾತಿಲ್ಲದೆ. ಆ ಹೊತ್ತಿನಲ್ಲಿ ಮಾತಾಡುವುದಕ್ಕೂ ಶಕ್ತಿ ಬೇಕಲ್ಲ.

ಅಂಗಣ ಇಪ್ಪತ್ತೆಂಟು ಮೀಟರ್ ಉದ್ದ, ಹದಿನೈದು ಮೀಟರ್ ಅಗಲ. ಎರಡಡಿಯ ಮಾಪು ಹಿಡಿದು ಆಚೆಯಿಂದ ಈಚೆಗೆ ಇಪ್ಪತ್ತೈದು ಸಲ ನಡೆದರೆ ಒಂದು ಸುತ್ತು. ದಿನಕ್ಕೆ ಮೂರು ಸುತ್ತು. ಅಂದರೆ ಎರಡು ಕಿಲೋಮೀಟರಿಗೂ ಹೆಚ್ಚು, ಅದೂ ಬಗ್ಗಿಕೊಂಡು. ಮಂಡಿಗೆ ಕಟ್ಟಿಕೊಂಡಿರುವ ಪ್ಯಾಡುಗಳು ವಾಲಿಬಾಲಿನವರು ಎಸೆದದ್ದು. ಒಂದು ನೀಲಿ, ಒಂದು ಕೆಂಪು. ‘ಎರಡು ತಂಡದಿಂದ ಆಡ್ತಿದೀನಿ’ ಎಂದು ನಗುತ್ತಾರೆ.

ನೆಲವನ್ನು ಕಾಲಿನಿಂದ ಓದುವ ವಿದ್ಯೆ ಕಲಿತದ್ದು ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿದ ಮೊದಲ ವರ್ಷ ಇಲ್ಲೊಂದು ಫೈನಲ್ ಪಂದ್ಯ. ಹೊಳೆಯುವುದೇ ಸ್ವಚ್ಛ ಎಂದುಕೊಂಡಿದ್ದ ಮಾಪಕ್ಕ, ಹಿಂದಿನ ದಿನವಿಡೀ ಕೂತು ನೆಲಕ್ಕೆಲ್ಲ ಪಾಲಿಶ್ ಬಳಿದರು. ‘ಕನ್ನಡಿ ಆಗಿತ್ತು. ಬಂದವರೆಲ್ಲ ಬಗ್ಗಿ ಮುಖ ನೋಡ್ಕೊಂಡ್ರು, ಹೊಗಳಿದ್ರು. ಆಟ ಶುರುವಾಗಿ ಒಂದು ನಿಮಿಷ ಆಗಿಲ್ಲ, ಒಬ್ಳು ಸುಯ್ ಅಂತ ಹೋಗಿ ಕಂಬಕ್ಕೆ ಬಡಿದ್ಲು. ಕಾಲು ಮುರೀತು. ಆ ಸದ್ದು ಈಗ್ಲೂ ಕಿವೀಲಿದೆ.’

ಅಂದಿನಿಂದ ಬರಿಗಾಲ ಪರೀಕ್ಷೆ. ಅಂದಿನಿಂದಲೇ ಇನ್ನೊಂದು ಕಟ್ಟಳೆ: ಅಂಗಣದ ಆ ತುದಿಗೆ ಬಿಳಿ ಬಟ್ಟೆ, ಈ ತುದಿಗೆ ನೀಲಿ ಬಟ್ಟೆ, ಒಂದೊಂದಕ್ಕೂ ಬೇರೆ ಬೇರೆ ಬಕೆಟ್. ಒದ್ದೆಯಾದ ಬಟ್ಟೆಯನ್ನು ಮತ್ತೆ ನೆಲಕ್ಕೆ ಮುಟ್ಟಿಸುವುದಿಲ್ಲ, ಬಕೆಟ್ಟಿಗೆ ಹಾಕಿ ಹೊಸದನ್ನು ತೆಗೆದುಕೊಳ್ಳುತ್ತಾರೆ. ಯಾವ ತುದಿಯ ಬಕೆಟ್ ಬೇಗ ತುಂಬುತ್ತದೋ ಆ ತುದಿ ಜಾರುತ್ತಿದೆ ಎಂದು ಅರ್ಥ. ಅಲ್ಲಿ ಹೆಚ್ಚು ನಿಗಾ. ಬೇರೆ ಯಾವ ಅಂಗಣದಲ್ಲೂ ಹೀಗೆ ಮಾಡುವುದಿಲ್ಲವಂತೆ. ಹೇಳಿಕೊಟ್ಟವರೂ ಇಲ್ಲ, ಕೇಳಿದವರೂ ಇಲ್ಲ.

ಶನಿವಾರ ಮಾತ್ರ ಆ ಬಕೆಟ್ಟುಗಳಿಗೆ ಪ್ರೇಕ್ಷಕರು ಸಿಕ್ಕರು.

ಎದುರಾಳಿ ಕಾಲೇಜು ಕಳೆದ ವರ್ಷದ ಚಾಂಪಿಯನ್. ಕಳೆದ ಸಲ ಇದೇ ತಂಡ ನಮ್ಮವರನ್ನು ಮೂವತ್ತೆಂಟು ಅಂಕಗಳಿಂದ ಬಡಿದು ಬುಟ್ಟಿಗೆ ಹಾಕಿಕೊಂಡಿತ್ತು. ಈ ಸಲವೂ ಅರ್ಧ ಆಟ ಮುಗಿದಾಗ ಹತ್ತೊಂಬತ್ತು ಅಂಕ ಹಿಂದೆ. ತಂಡದ ಕೋಚ್ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕರು, ಹುಡುಗಿಯರಿಗೆ ‘ಸೀಟಿ ಸರ್’. ಮಾತು ಕಡಿಮೆ, ಸೀಟಿ ಜಾಸ್ತಿ. ಮಾಪಕ್ಕ ಅವರನ್ನು ಬಾಯಲ್ಲೇ ಊದಿ ತೋರಿಸುತ್ತಾರೆ: ‘ಪೀ ಅಂದ್ರೆ ಓಡಿ. ಪೀಪೀ ಅಂದ್ರೆ ನಿಲ್ಲಿ. ಪೀ...ಈ...ಈ ಅಂತ ಎಳೆದ್ರೆ, ನಿಮ್ಮನ್ನ ಕಟ್ಕೊಂಡು ನಾನು ಕೆಟ್ಟೆ!’ ಅಂದು ವಿರಾಮದಲ್ಲಿ ಸೀಟಿ ಸರ್ ಊದಲೇ ಇಲ್ಲ. ‘ಗೆಲ್ಲೋದು ಬಿಡಿ. ವಾಪಸ್ ಓಡಿ ಬನ್ನಿ, ಅಷ್ಟು ಸಾಕು’ ಎಂದರಂತೆ. ಚೆಂಡು ಕೈತಪ್ಪಿದೊಡನೆ ನಿಂತು ನೋಡದೆ, ತಮ್ಮ ಬುಟ್ಟಿ ಕಾಯಲು ಹಿಂದಕ್ಕೆ ಓಡಿ ಎಂದು.

ಹುಡುಗಿಯರು ಓಡಿದರು. ಬಿದ್ದರು, ಎದ್ದರು, ಮತ್ತೆ ಓಡಿದರು. ಹತ್ತೊಂಬತ್ತು ಹನ್ನೆರಡಾಯಿತು, ಹನ್ನೆರಡು ಐದಾಯಿತು, ಐದು ಒಂದಾಯಿತು. ಅರುವತ್ತೆರಡು–ಅರುವತ್ತೊಂದು. ಕೊನೆಯ ಕ್ಷಣದ ಚೆಂಡು ಸಿಕ್ಕಿದ್ದು ತಂಡದಲ್ಲೇ ಕುಳ್ಳಿ, ಮೊದಲ ವರ್ಷದ ‘ಗುಂಡುಸೂಜಿ’ಗೆ. ಎಸೆದಳು. ಚೆಂಡು ರಿಂಗಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ಮನಸ್ಸು ಬದಲಿಸಿ, ಹೊರಗೆ ಬಿತ್ತು. ಗುಂಡುಸೂಜಿ ಅಲ್ಲೇ ಮಕಾಡೆ ಮಲಗಿಬಿಟ್ಟಳು. ಬಟ್ಟೆ ಹಿಡಿದು ಹತ್ತಿರ ಹೋದ ಮಾಪಕ್ಕ ಅವಳ ಪಕ್ಕ ಕೂತು ಹೇಳಿದ್ದು ಇಷ್ಟೇ: ‘ಏಳಮ್ಮ. ನಾನು ಒರೆಸ್ಬೇಕು.’

ಆಮೇಲೆ ಬಟ್ಟೆ ಬದಲಿಸುವ ಕೋಣೆ. ತಂಡದ ನಾಯಕಿ, ಎತ್ತರಕ್ಕಾಗಿ ‘ಏಣಿ’ ಎಂದು ಕರೆಸಿಕೊಳ್ಳುವ ಅಂತಿಮ ವರ್ಷದ ಹುಡುಗಿ, ಶೂ ಬಿಚ್ಚಲೂ ಮನಸ್ಸಿಲ್ಲದೆ ಕೂತಿದ್ದಳು. ಅವಳಿಗೆ ಕಾಲೇಜಿನ ಕೊನೆಯ ಪಂದ್ಯ ಅದು. ಸೋಮವಾರ ಯಾರೂ ಬರುವುದಿಲ್ಲ ಎಂದು ಅವಳು ಹೇಳಿದ್ದೇ ಆಗ. ಮಾಪಕ್ಕ ಹೊರಗೆ ಹೋಗಿ ಎರಡೂ ಬಕೆಟ್ ಎಳೆದು ತಂದು ನಡುವೆ ಇಟ್ಟರು.

‘ಇದೇನಕ್ಕ, ನಮ್ಮ ಕೈಲಿ ಒಗೆಸ್ತೀರಾ?’ ಎಂದಳು ಯಾರೋ ಒಬ್ಬಳು.

‘ಬಾಯ್ಮುಚ್ಕೊಂಡು ನೋಡು. ಕೊನೇ ಹತ್ತು ನಿಮಿಷದ ಬಟ್ಟೆ ಇದು. ಬಿಳಿದು ಅವರ ಬುಟ್ಟಿ ಕಡೇದು, ಎರಡು. ನೀಲಿದು ನಮ್ಮ ಬುಟ್ಟಿ ಕಡೇದು. ಎಣಿಸು.’

‘ಏಳು.’

‘ಹೋದ್ ವರ್ಷ ಇದೇ ಹೊತ್ತಲ್ಲಿ ನಮ್ ಕಡೆ ಒಂದೂ ಬದಲಾಯಿಸ್ಲಿಲ್ಲ ನಾನು. ನೆಲ ಒಣಗಿತ್ತು. ಹಾಕ್ಕೊಳ್ಳಿ ಅಂತ ಬುಟ್ಟಿ ಬಿಟ್ಕೊಟ್ಟು ನಿಂತಿದ್ರು ಎಲ್ಲಾ. ಯಾರೂ ವಾಪಸ್ ಓಡಿ ಬಂದಿರ್ಲಿಲ್ಲ.’

ಗುಂಡುಸೂಜಿ ಮೂಗೊರೆಸಿಕೊಂಡು ಚುಚ್ಚಿದಳು: ‘ಅದರಲ್ಲಿ ಅವರ ಬೆವರೂ ಇರುತ್ತಲ್ಲ ಅಕ್ಕ?’

‘ಇರುತ್ತೆ. ಸುಮ್ನೆ ನಿಂತವಳ ಮುಂದೆ ಯಾರೇ ಬೆವರ್ತಾರೆ? ಅವರನ್ನ ಬೆವರಿಸಿದ್ದು ಯಾರು?’

ಏಣಿ ಬಗ್ಗಿ ಶೂ ಬಿಚ್ಚಲು ಶುರುಮಾಡಿದಳು. ‘ಅದೊಂದೇ ನಾನು ನೋಡಿದ್ದು. ಗೆದ್ದ ಹಾಗೇನೂ ಆಗ್ಲಿಲ್ಲ. ಸೋತಿದ್ದು ಸೋತಿದ್ದೇ. ಬಟ್ಟೆ ಒಗೆದು ಮನೆಗೆ ಹೋದೆ’ ಎನ್ನುತ್ತಾರೆ ಮಾಪಕ್ಕ. ಭಾನುವಾರವಿಡೀ ಅವರ ಮಂಡಿ ಊದಿಕೊಂಡಿತ್ತು. ಯಜಮಾನರು ಬಿಸಿನೀರಿನ ಶಾಖ ಕೊಡುತ್ತಾ, ‘ನಾಳೆ ಹುಡುಗೀರು ಬರದೇ ಹೋದ್ರೆ ಸಾಕಪ್ಪ’ ಎಂದದ್ದಕ್ಕೆ ಮಾಪಕ್ಕ ಅವರ ಕೈ ತಳ್ಳಿದರಂತೆ.

ಐದೂಮೂವತ್ತು. ಗುಂಡುಸೂಜಿ ಬರುತ್ತಾಳೆ, ಕಣ್ಣು ಇನ್ನೂ ಊದಿಕೊಂಡಿದೆ. ಹಿಂದೆಯೇ ಇಬ್ಬರು. ಟಿಕ್, ಟಿಕ್, ಟಿಕ್. ಸೀಟಿ ಸರ್ ಗೋಡೆಗೊರಗಿ ನಿಂತಿದ್ದಾರೆ, ಸೀಟಿ ಜೇಬಿನಲ್ಲಿದೆ. ಐದೂನಲವತ್ತಕ್ಕೆ ಎಂಟು. ಬಾಗಿಲಲ್ಲಿ, ಹಾಜರಿ ನೋಡಲೆಂದು ಇಂದು ಬೇಗ ಬಂದ, ಶಟಲ್ ಬ್ಯಾಟು ಹೆಗಲಿಗೇರಿಸಿದ ಲೈಬ್ರರಿ ಸರ್ ಕಾಣಿಸಿಕೊಳ್ಳುತ್ತಾರೆ. ಕೆಟ್ಟವರೇನಲ್ಲ. ‘ನಮಗೂ ಮಂಡಿ ಸವೆಯೋ ಮೊದಲು ನಾಲ್ಕು ದಿನ ಆಡ್ಬೇಕಲ್ಲಮ್ಮ’ ಎಂದು ಸಂಕೋಚದಿಂದಲೇ ಗೋಡೆ ಗಡಿಯಾರ ನೋಡುತ್ತಾರೆ.

ಐದೂನಲವತ್ತೆರಡಕ್ಕೆ ಒಂಬತ್ತು. ಗುಂಡುಸೂಜಿ ಮಾಪಕ್ಕನ ಕಿವಿಯ ಹತ್ತಿರ ಬಂದು, ‘ಅಕ್ಕ, ಹತ್ತು ಅಂತ ಹಾಕ್ಬಿಡಿ, ಯಾರಿಗೆ ಗೊತ್ತಾಗುತ್ತೆ?’ ಎಂದು ಪಿಸುಗುಡುತ್ತಾಳೆ.

‘ಇರೋದನ್ನ ಒರೆಸೋದು ನನ್ ಕೆಲ್ಸ. ಇಲ್ಲದ್ದನ್ನ ಬರೆಯೋದಲ್ಲ’ ಎಂದು ಪುಸ್ತಕ ಮಡಚುತ್ತಾರೆ ಮಾಪಕ್ಕ. ಪೆನ್ನನ್ನು ಮಾತ್ರ ಮುಚ್ಚುವುದಿಲ್ಲ.

ಆಗ ಮೆಟ್ಟಿಲ ಕಡೆಯಿಂದ ಒಂದು ನರಳಾಟ ಕೇಳುತ್ತದೆ. ‘ಅಯ್ಯೋ... ಅಮ್ಮಾ... ನಿಧಾನ ಕಣೇ...’ ಇಪ್ಪತ್ತೆರಡು ಮೆಟ್ಟಿಲುಗಳ ಮೇಲೆ ಇಬ್ಬರು ಹುಡುಗಿಯರು ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿದ್ದಾರೆ. ಶನಿವಾರದ ಓಟಕ್ಕೆ ತೊಡೆಗಳು ಕಲ್ಲಾಗಿ, ಮುಂದಕ್ಕೆ ಕಾಲಿಡಲಾಗದೆ, ಬೆನ್ನು ತಿರುಗಿಸಿ ಒಂದೊಂದೇ ಮೆಟ್ಟಿಲು. ಒಬ್ಬಳು ಮೊದಲ ವರ್ಷದವಳು. ಇನ್ನೊಬ್ಬಳು ಏಣಿ.

‘ಬಂದ್ರಾ?’ ಎಂದು ಕೇಳುತ್ತಾರೆ ಲೈಬ್ರರಿ ಸರ್.

‘ಬರ್ತಿದಾರೆ ಸರ್. ರಿವರ್ಸ್ ಗೇರಲ್ಲಿ’ ಎನ್ನುತ್ತಾರೆ ಮಾಪಕ್ಕ.

ಕೊನೆಯ ಮೆಟ್ಟಿಲು ಇಳಿದಾಗ ಐದೂನಲವತ್ತನಾಲ್ಕು. ಹನ್ನೊಂದು. ಲೈಬ್ರರಿ ಸರ್ ಗಡಿಯಾರವನ್ನೂ ಹುಡುಗಿಯರ ಕಾಲುಗಳನ್ನೂ ನೋಡಿ, ‘ಬಿಸಿನೀರಿಗೆ ಉಪ್ಪು ಹಾಕಿ ಕಾಲಿಡಿ’ ಎಂದು ಹೇಳಿ ಮೆಟ್ಟಿಲು ಹತ್ತುತ್ತಾರೆ. ಸೀಟಿ ಸರ್ ಜೇಬಿಗೆ ಕೈ ಹಾಕುತ್ತಾರೆ. ಪೀ.

‘ನಿಂಗಿನ್ನು ಮ್ಯಾಚೇ ಇಲ್ವಲ್ಲೇ?’ ಎಂದು ಏಣಿಯನ್ನು ಕೇಳುತ್ತಾರೆ ಮಾಪಕ್ಕ.

‘ಏನ್ ಮಾಡ್ಲಿ ಅಕ್ಕ, ಎಚ್ಚರ ಆಗ್ಬಿಡ್ತು.’

‘ನನ್ ನಿದ್ದೆ ಹಾಳು ಮಾಡೋಕೇ ಹುಟ್ಟಿದೀರ’ ಎಂದು ಮಾಪಕ್ಕ ಹನ್ನೊಂದನೇ ಟಿಕ್ ಹಾಕುತ್ತಾರೆ. ಆ ಟಿಕ್ಕು ಮಿಕ್ಕವಕ್ಕಿಂತ ದೊಡ್ಡದು.

ಅಭ್ಯಾಸ ನೋಡುವಂತಿಲ್ಲ. ಎಲ್ಲರ ಕಾಲೂ ಎಳೆಯುತ್ತಿದೆ, ಚೆಂಡು ಎಲ್ಲೋ, ಕೈ ಎಲ್ಲೋ. ಗುಂಡುಸೂಜಿ ಮಾತ್ರ ಶನಿವಾರ ಚೆಂಡು ಎಸೆದ ಜಾಗದಲ್ಲೇ ನಿಂತು ಎಸೆಯುತ್ತಿದ್ದಾಳೆ, ಹೆಕ್ಕುತ್ತಿದ್ದಾಳೆ, ಎಸೆಯುತ್ತಿದ್ದಾಳೆ. ಆ ಕೊನೆಯ ಚೆಂಡು ಕಣ್ಣಿಗೆ ಹೇಗೆ ಕಂಡಿತು ಎಂದು ಮಾಪಕ್ಕನನ್ನು ಕೇಳಿದರೆ, ಅವರು ಮಾಪು ನಿಲ್ಲಿಸುತ್ತಾರೆ.

‘ನಾನೆಲ್ಲಿ ನೋಡಿದೆ? ನನ್ ಕಣ್ಣು ಅವರ ಕಾಲ ಕೆಳಗಿರುತ್ತೆ, ಹನಿ ಎಲ್ಲಿ ಬಿತ್ತು ಅಂತ. ಚೆಂಡು ಒಳಗೆ ಹೋಯ್ತೋ ಹೊರಗೆ ಬಿತ್ತೋ, ಜನರ ಕೂಗು ಕೇಳಿ ತಿಳ್ಕೊಳ್ತೀನಿ. ಇಪ್ಪತ್ತೊಂದು ವರ್ಷ ಆಯ್ತು. ಕೈಯಿಂದ ಹೊರಟು ಬುಟ್ಟಿ ಸೇರೋವರೆಗೂ ಒಂದು ಚೆಂಡನ್ನೂ ಪೂರ್ತಿ ನೋಡಿಲ್ಲ. ಒಂದ್ಸಲ ನೋಡ್ಬೇಕು ಅಂತ ಆಸೆ. ಒಂದೇ.’

ಇದು ಗುಂಡುಸೂಜಿಯ ಕಿವಿಗೆ ಬಿದ್ದಿದೆ. ‘ಅಕ್ಕ, ಈಗ್ಲೇ ನೋಡಿ!’

ಮಾಪಕ್ಕ ಮಾಪನ್ನು ಗೋಡೆಗೊರಗಿಸಿ, ಸೊಂಟಕ್ಕೆ ಕೈ ಕೊಟ್ಟು, ಬೆನ್ನನ್ನು ಕಂತುಕಂತಾಗಿ ನೆಟ್ಟಗೆ ಮಾಡುತ್ತಾರೆ. ಮೊದಲ ಚೆಂಡು ರಿಂಗಿಗೆ ಬಡಿದು ಹೊರಕ್ಕೆ. ಎರಡನೆಯದು ಬೋರ್ಡಿಗೆ. ಹುಡುಗಿ ಅಂಗೈಯ ಬೆವರನ್ನು ಜರ್ಸಿಗೆ ಒರೆಸಿಕೊಂಡು ತಿರುಗಿ ನೋಡುತ್ತಾಳೆ. ಅವಳ ಹಣೆಯಿಂದ ಒಂದು ಹನಿ ತೊಟ್ಟಿಕ್ಕಿ ಹಲಗೆಯ ಮೇಲೆ ಬೀಳುತ್ತದೆ. ಮಾಪಕ್ಕ ಅದನ್ನು ನೋಡುವುದಿಲ್ಲ.

‘ನನ್ ಮುಖ ಏನ್ ನೋಡ್ತೀಯಾ, ಬುಟ್ಟಿ ನೋಡು’ ಎನ್ನುತ್ತಾರೆ. ‘ಹಾಕು, ಅವಸರ ಇಲ್ಲ. ನೆಲ ಎಲ್ಲಿಗೂ ಓಡಿಹೋಗಲ್ಲ.’