ಗಂಡನ ಸಂಕಲನಕ್ಕೆ ನಾನು ಬರೆದ ವಿಮರ್ಶೆ

ಹೊಸ ಕವನ ಸಂಕಲನ ಕೈಗೆ ಬಂದರೆ ನಾನು ಮೊದಲು ಅನುಮಾನ ಪಡುತ್ತಿದ್ದೆ, ಓದುತ್ತಿದ್ದುದು ಆಮೇಲೆ. ಅರವತ್ತರ ದಶಕ. ಪದ್ಯದ ಸಾಲುಗಳು ಗಿಡ್ಡವಾಗಿ, ಪ್ರಾಸ ಊರು ಬಿಟ್ಟು ಹೋಗಿದ್ದ ಕಾಲ. ಕವಿಗಳಿಗೆಲ್ಲ ಒಮ್ಮೆಲೇ ಕತ್ತಲೆ, ಒಂಟಿತನ, ವಾಂತಿ. ಇವರಿಗೆ ನಿಜಕ್ಕೂ ಇಷ್ಟು ಸಂಕಟವಿದೆಯೋ, ಪಕ್ಕದವನಿಗೆ ಬಂದಿದೆಯೆಂದು ಇವರಿಗೂ ಬಂದಿದೆಯೋ ಎಂದು ಪುಟಪುಟಕ್ಕೂ ತನಿಖೆ ಮಾಡುತ್ತಿದ್ದೆ. ಕುಂದಾಪುರದ ಒಂದು ವಾರಪತ್ರಿಕೆಯ ಸಂಪಾದಕರಿಗೆ ನನ್ನ ಈ ಗುಣವೇ ಹಿಡಿಸಿತು. ವಿಮರ್ಶೆಗೆ ಬಂದ ಪುಸ್ತಕಗಳನ್ನು ಬ್ರಹ್ಮಾವರದ ನಮ್ಮ ಮನೆಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಕೂತು ಬರೆಯುತ್ತಿದ್ದೆ. ನನ್ನ ಹೆಸರಿನಲ್ಲೇ ಅಚ್ಚಾಗುತ್ತಿತ್ತು.

ಆದರೆ ಊರು ನಂಬಿರಲಿಲ್ಲ. ನನ್ನ ಗಂಡ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಬರೆಯುವುದು ಅವರು, ಹೆಸರು ಮಾತ್ರ ಹೆಂಡತಿಯದು, ಕವಿಗಳ ನಿಷ್ಠುರ ತಪ್ಪಿಸಿಕೊಳ್ಳಲು ಹೂಡಿದ ಉಪಾಯ ಎಂದೇ ಎಲ್ಲರ ತೀರ್ಮಾನ. ಅವರ ಜೊತೆ ಕೆಲಸ ಮಾಡುತ್ತಿದ್ದ ಗಣಿತದ ಮಾಸ್ತರರಂತೂ ನಾನು ಎದುರಿಗಿದ್ದರೂ ನನ್ನ ವಿಮರ್ಶೆಯ ಬಗ್ಗೆ ಅವರನ್ನೇ ಕೇಳುತ್ತಿದ್ದರು. ನನ್ನವರು ನಕ್ಕು ಮಾತು ತೇಲಿಸಿಬಿಡುತ್ತಿದ್ದರು. ಆ ನಗು ನನಗೆ ಸರಿ ಕಾಣುತ್ತಿರಲಿಲ್ಲ. ಇದು ನನ್ನದೇ ಬರಹವೆಂದು ಒಮ್ಮೆಯಾದರೂ ಇವರೆಲ್ಲ ಒಪ್ಪಬೇಕು ಎಂಬ ಹಟ ನನ್ನೊಳಗೆ ಕೂತಿತ್ತು.

ಅಷ್ಟರಲ್ಲಿ ನನ್ನವರದೇ ಸಂಕಲನ ಹೊರಬಂತು. ಸಂಪಾದಕರು ಅದನ್ನು ವಿಮರ್ಶೆಗೆಂದು ನನಗೇ ಕಳಿಸಿದರು. ನಮ್ಮ ಕೋಣೆಯಲ್ಲಿ ರಾಶಿ ಬಿದ್ದಿದ್ದ ಪುಸ್ತಕ ಕುಂದಾಪುರಕ್ಕೆ ಹೋಗಿ ಮತ್ತೆ ನಮ್ಮ ಮನೆಗೇ ಬಂತು. ಇದು ಗೌರವವಲ್ಲ, ಪರೀಕ್ಷೆ ಎಂದು ನನಗೆ ಗುಮಾನಿ. ಹೊಗಳಿದರೆ, ಪಂಡಿತರು ತಮ್ಮ ಬೆನ್ನು ತಾವೇ ತಟ್ಟಿಕೊಂಡರು ಎಂದಾಗುತ್ತದೆ. ತೆಗಳಿದರೆ, ಬರೆಯುವುದು ಹೆಂಡತಿಯೇ ಎಂದು ಕೊನೆಗೂ ರುಜುವಾತಾಗುತ್ತದೆ. ಮನೆಯಲ್ಲಿ ಏನಾಗುತ್ತದೋ ಗೊತ್ತಿಲ್ಲ.

ಊಟಕ್ಕೆ ಬಡಿಸುವಾಗ, ಏನು ಬರೆಯಲಿ ಎಂದು ನನ್ನವರನ್ನೇ ಕೇಳಿದೆ. ತಲೆ ಎತ್ತದೆ ಹೇಳಿದರು: "ನೀ ಕಂಡದ್ದ್ ಬರಿ. ನಾ ಎಂತದೂ ಹೇಳುದಿಲ್ಲೆ."

ಇಷ್ಟು ಸಲೀಸಾಗಿ ಒಪ್ಪಿದ್ದೇ ನನಗೆ ಅನುಮಾನ. ಹೊಗಳದೆ ಎಲ್ಲಿಗೆ ಹೋಗುತ್ತಾಳೆ ಎಂಬ ಧೈರ್ಯವಿರಬೇಕು.

ಓದಿದೆ. ಬೆಳಿಗ್ಗೆ ಗಂಜಿ ಉಂಡು ಕೊಡೆ ಹಿಡಿದು ಶಾಲೆಗೆ ನಡೆದು ಹೋಗುವವರು ಪದ್ಯದಲ್ಲಿ ಮಹಾನಗರದ ಬೀದಿಗಳಲ್ಲಿ ಅನಾಥರಾಗಿ ಅಲೆಯುತ್ತಿದ್ದರು. ದಾರಿ ತಪ್ಪಿದರೆ ಮನೆಗೆ ಕರೆತರಲು ಇಡೀ ಬ್ರಹ್ಮಾವರವೇ ಇತ್ತಲ್ಲ ಅವರಿಗೆ. ಒಂದೇ ಒಂದು ಪದ್ಯ, ಹಂಗಾರಕಟ್ಟೆಯಲ್ಲಿ ದೋಣಿಗೆ ಕಾಯುತ್ತ ಕೂತ ಅಪ್ಪನ ಕುರಿತದ್ದು, ನನ್ನ ಕಣ್ಣು ಒದ್ದೆ ಮಾಡಿತು. ಅದನ್ನೂ ಬರೆದೆ, ಉಳಿದದ್ದೆಲ್ಲ ಎರವಲು ಸಂಕಟ ಎಂದೂ ಬರೆದೆ. ಎಂದಿನಂತೆ ಅವರ ಕೈಯಲ್ಲಿ ಅಂಚೆಗೆ ಕೊಡುವ ಧೈರ್ಯವಾಗದೆ ನಾನೇ ಹೋಗಿ ಹಾಕಿ ಬಂದೆ.

ಪತ್ರಿಕೆ ಬಂದ ದಿನ ಅವರು ಅದನ್ನು ಓದಿ ಮಡಿಸಿಟ್ಟರು. ಆಮೇಲೆ ನನ್ನೊಡನೆ ಮಾತಿಲ್ಲ. ಅನ್ನ ಬೇಕೆಂದರೆ ಬಟ್ಟಲು ಸರಿಸುವುದು, ಸಾಕೆಂದರೆ ಕೈ ಅಡ್ಡ ಹಿಡಿಯುವುದು. ನನಗೆ ಬೇಸರವಾಗುತ್ತಿತ್ತು, ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು. ಇನ್ನಾದರೂ ಊರಿಗೆ ಗೊತ್ತಾಯಿತಲ್ಲ, ಇಂಥದ್ದನ್ನು ಯಾವ ಕವಿ ತನ್ನ ಬಗ್ಗೆ ತಾನೇ ಬರೆದುಕೊಂಡಾನು?

ವಾರ ಕಳೆದ ಮೇಲೆ ಗಣಿತದ ಮಾಸ್ತರರು ಬಂದರು. ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಜಗಲಿಯಿಂದ ಅವರ ಮಾತು ಕೇಳಿಸಿತು: "ಹ್ವಾಯ್ ಮಾಷ್ಟ್ರೇ, ನಿಮ್ ವಿನಯ ಸಣ್ಣದಲ್ಲ. ತನ್ನ ಪದ್ಯದ ತಪ್ಪ್ ತಾನೇ ಬರೆಯೂಕೆ ಯಾರಿಗ್ ಧೈರ್ಯ ಇತ್ತ್?"

ಸೋಸುವ ಬಟ್ಟೆ ಹಿಡಿದುಕೊಂಡೇ ನಿಂತೆ. ಈಗಲಾದರೂ ಅವರು ಬಾಯಿಬಿಡುತ್ತಾರೆ ಅಂದುಕೊಂಡೆ. ನನ್ನ ಮೇಲಿನ ಸಿಟ್ಟಿಗಾದರೂ ಹೇಳಬಹುದು, ಬರೆದವಳು ಅವಳು, ನಾನಲ್ಲ ಎಂದು.

ನನ್ನವರು ಗಂಟಲು ಸರಿಮಾಡಿಕೊಂಡರು. "ಇದ್ದದ್ದ್ ಹೇಳ್ಬೇಕಲ್ದಾ ಮಾಷ್ಟ್ರೇ," ಅಂದರು.

ಆಮೇಲೆ ಒಳಗಡೆ ತಿರುಗಿ, ಅಷ್ಟು ದಿನಗಳ ಮೇಲೆ ಮೊದಲ ಸಲ ನನ್ನೊಡನೆ ಮಾತಾಡಿದರು. ಕಾಫಿ ತರಲು ಹೇಳಿದರು.